ಓದುಗನ ಗುಟ್ಟು

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಗ್ರಂಥಾಲಯವನ್ನು ಗಣಕೀಕರಿಸಬೇಕೆಂಬ ಮಾತು ಕೇಳಿಬರುತ್ತಿರುವುದು ಸಂತೋಷದ ಸಂಗತಿ. ಆದರೂ ಒಂದು ವಿಷಯವನ್ನು ಹಿರಿಯರ ಗಮನಕ್ಕೆ ತರಬಯಸುತ್ತೇನೆ.

ಹಿಂದಿನ ಬ್ರೌನ್ ಪದ್ಧತಿಯಲ್ಲಿ ಪುಸ್ತಕದ ಕಾರ್ಡನ್ನು ಓದುಗನ ಟಿಕೆಟ್ಟಿನೊಳಗೆ ಸೇರಿಸಿಡುತ್ತಿದ್ದರು. ಪುಸ್ತಕ ಮರಳಿದೊಡನೆ ಕಾರ್ಡು ಪುಸ್ತಕಕ್ಕೆ, ಟಿಕೆಟ್ಟು ಓದುಗನಿಗೆ; ಯಾರು ಏನನ್ನು ಓದಿದರೆಂಬ ಗುರುತೇ ಉಳಿಯುತ್ತಿರಲಿಲ್ಲ. ಗಣಕಯಂತ್ರವಾದರೋ ತಾನಾಗಿ ಮರೆಯುವುದಿಲ್ಲ. ಕೋಹಾದಂತಹ ತಂತ್ರಾಂಶದಲ್ಲಿ ಹಳೆಯ ಎರವಲಿನ ದಾಖಲೆಯಿಂದ ಓದುಗನ ಹೆಸರನ್ನು ಅಳಿಸುವ ಅನುಕೂಲವಿದೆ. ಅದನ್ನು ನಾವೇ ಬಯಸಿ ಅಳವಡಿಸಿಕೊಳ್ಳಬೇಕು, ಅಷ್ಟೆ.

ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಕನ್ನಡ ಓದುವ ಮಕ್ಕಳು ಕೆಲವೇ ಮಂದಿ. ಹೆಸರನ್ನು ಮರೆಮಾಡಿ ‘ಒಂಬತ್ತನೆಯ ತರಗತಿ, ಬಾಲಕಿ, ಕನ್ನಡ ಪುಸ್ತಕ’ ಎಂದಷ್ಟೇ ನಮೂದಿಸಿದರೂ ಆಕೆ ಯಾರೆಂಬುದು ಊರಿಗೆಲ್ಲ ತಿಳಿದುಬಿಡುತ್ತದೆ. ಮುಟ್ಟಿನ ಬಗೆಗೋ ಜಾತಿಯ ಬಗೆಗೋ ಓದಬಯಸುವವಳು ಆಮೇಲೆ ಕಪಾಟಿನತ್ತ ಸುಳಿಯುವಳೇ?

2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆ. ಮಕ್ಕಳ ಓದಿನ ಪಟ್ಟಿಯನ್ನು ಪೋಷಕರು ಕೇಳಿದರೆ ಕೊಡಬಾರದೇ ಎನ್ನುವವರಿದ್ದಾರೆ. ಇಡದ ಪಟ್ಟಿಯನ್ನು ಯಾರೂ ಕೇಳಲಾರರು. ಪುಸ್ತಕ ಮರಳಿದೊಡನೆ ಹೆಸರು ಅಳಿಯುವ ಏರ್ಪಾಡನ್ನು ಮೊದಲ ದಿನದಿಂದಲೇ ಮಾಡಬೇಕೆಂದು ಆಡಳಿತ ಮಂಡಳಿಯಲ್ಲಿ ವಿನಂತಿಸುತ್ತೇನೆ.