ಗೇಮ್‌ನಲ್ಲಿ ಟ್ಯುಟೋರಿಯಲ್ ಸ್ಕಿಪ್ ಮಾಡುವುದು ಸೋಮಾರಿತನವೇ?

ಹೊಸ ಗೇಮ್ ಓಪನ್ ಆದ ಕೂಡಲೇ ಹಲವರ ಬೆರಳು ಹುಡುಕುವುದು 'ಸ್ಕಿಪ್' ಬಟನ್ ಅನ್ನು. ಆಡುವುದು ಹೇಗೆಂದು ಹೇಳಿಕೊಡುವ ಟ್ಯುಟೋರಿಯಲ್ ನೋಡುವಷ್ಟು ಪುರುಸೊತ್ತು ಇರುವುದಿಲ್ಲ. 'ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ' ಎಂಬ ಮಾತು ಸಾಮಾನ್ಯ. ಆದರೆ ಇದು ನಿಜವೇ?

ಇದು ಹೊಸ ಚಾಳಿಯಲ್ಲ

ಐಬಿಎಂ ಸಂಶೋಧಕರಾದ ಜಾನ್ ಕ್ಯಾರೊಲ್ ಮತ್ತು ಮೇರಿ ಬೆತ್ ರಾಸನ್ 1987ರಲ್ಲೇ ಇದನ್ನು ವಿವರಿಸಿದ್ದರು. ಕಂಪ್ಯೂಟರ್ ಮುಂದೆ ಕುಳಿತ ದೊಡ್ಡವರೂ ಕೈಪಿಡಿಯನ್ನು ಬದಿಗಿಟ್ಟು ನೇರವಾಗಿ ಕೆಲಸ ಶುರು ಮಾಡುತ್ತಿದ್ದರು. ಮೊದಲೇ ಓದಿಕೊಂಡರೆ ಮುಂದೆ ಸಮಯ ಉಳಿಯುತ್ತದೆ, ನಿಜ. ಆದರೆ ಅವರು ಬಂದಿದ್ದು ಕೆಲಸ ಮುಗಿಸಲು, ಪಾಠ ಕಲಿಯಲು ಅಲ್ಲ.

ಆಟವೇ ಮೇಷ್ಟ್ರು

1985ರ 'ಸೂಪರ್ ಮಾರಿಯೋ ಬ್ರದರ್ಸ್' ಗೇಮ್‌ನ ಮೊದಲ ಹಂತ ನೋಡಿ. ಪರದೆಯ ಮೇಲೆ ಒಂದು ಸಾಲಿನ ಸೂಚನೆಯೂ ಇಲ್ಲ. ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ ಜಾಗ. ಅಂದರೆ ಬಲಕ್ಕೆ ಹೋಗಬೇಕು. ಸ್ವಲ್ಪ ಮುಂದೆ ಶತ್ರುವೊಂದು ಎದುರಾಗುತ್ತದೆ. ತಾಗಿದರೆ ಒಂದು ಜೀವ ಹೋಗುತ್ತದೆ, ಆದರೆ ಕಳೆದುಕೊಂಡಿದ್ದು ಕೆಲವೇ ಸೆಕೆಂಡು. ಮುಂದಿನ ಸಲ ತಾನಾಗಿಯೇ ಹಾರುತ್ತೀರಿ. ನಂತರ ಬರುವ ಅಣಬೆ ಪೈಪ್‌ಗೆ ಬಡಿದು ನಿಮ್ಮ ಕಡೆಗೇ ತಿರುಗುತ್ತದೆ. ಅದು ತಾಗಿದರೆ ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಎಂದು ಯಾರೂ ಹೇಳದೆಯೇ ತಿಳಿಯುತ್ತದೆ.

2009ರ 'ಪ್ಲಾಂಟ್ಸ್ ವರ್ಸಸ್ ಝಾಂಬೀಸ್' ಕೂಡ ಹೀಗೆಯೇ. ಮೊದಲ ಹಂತದಲ್ಲಿ ಒಂದೇ ಸಾಲು ಹುಲ್ಲು, ಒಂದೇ ಬಗೆಯ ಗಿಡ. ಉಳಿದದ್ದು ಒಂದೊಂದಾಗಿ ಸೇರುತ್ತಾ ಹೋಗುತ್ತದೆ.

ಹಾಗಾದರೆ ಟ್ಯುಟೋರಿಯಲ್ ಬೇಡವೇ?

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಮೂರು ಗೇಮ್‌ಗಳ 45,000ಕ್ಕೂ ಹೆಚ್ಚು ಆಟಗಾರರನ್ನು ಗಮನಿಸಿದರು. ಪ್ರೋಟೀನ್‌ಗಳನ್ನು ಮಡಚುವ ಕಷ್ಟದ ಗೇಮ್ 'ಫೋಲ್ಡಿಟ್'ನಲ್ಲಿ ಟ್ಯುಟೋರಿಯಲ್ ಇದ್ದಾಗ ಜನ ಆಡುವ ಸಮಯ ಶೇ. 29ರಷ್ಟು ಹೆಚ್ಚಾಯಿತು. ಉಳಿದ ಎರಡು ಸರಳ ಗೇಮ್‌ಗಳಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಅಂದರೆ, ಆಡಿ ನೋಡಿ ತಿಳಿಯಬಹುದಾದ ಕಡೆ ಸ್ಕಿಪ್ ಮಾಡುವುದು ಸೋಮಾರಿತನವಲ್ಲ. ನೋಡಿದೊಡನೆ ಅರ್ಥವಾಗದ ಕಡೆ ಮಾತ್ರ ಪಾಠ ಬೇಕು.

ಎಲ್ಲಿ ಸ್ಕಿಪ್ ಮಾಡಬಾರದು?

ತಪ್ಪಿಗೆ ಬೆಲೆ ತೆರಬೇಕಾದ ಕಡೆ. ಗೇಮ್‌ನಲ್ಲಿ ಹೋದ ಜೀವ ಮತ್ತೆ ಸಿಗುತ್ತದೆ, ಯುಪಿಐನಲ್ಲಿ ಹೋದ ಹಣ ಸುಲಭವಾಗಿ ಸಿಗುವುದಿಲ್ಲ. 'ಹಣ ಬರುತ್ತದೆ, ಪಿನ್ ಒತ್ತಿ' ಎಂದು ಯಾರಾದರೂ ಹೇಳಿದರೆ ನಿಲ್ಲಿಸಿ, ಪರದೆ ಓದಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ.