ಮರಿಯಿಲ್ಲದ ಗೂಡು

ಜೊತೆಯಲ್ಲಿ ಗಂಡೇ ಇಲ್ಲದ ಹೆಣ್ಣು ಮೊಲ ಒಮ್ಮೊಮ್ಮೆ ಬಾಯಿತುಂಬ ಹುಲ್ಲು ಕಚ್ಚಿ ತಂದು, ತನ್ನ ಎದೆ, ಹೊಟ್ಟೆಯ ತುಪ್ಪಳವನ್ನೇ ಕಿತ್ತು ಹಾಸಿ ಗೂಡು ಕಟ್ಟುತ್ತದೆ. ಮುಟ್ಟಲು ಹೋದವರನ್ನು ಕಚ್ಚಲೂಬಹುದು. ಇದು ರೋಗವಲ್ಲ, ಹುಸಿ ಗರ್ಭ.

ಮೊಲದಲ್ಲಿ ಅಂಡ ಬಿಡುಗಡೆಯಾಗುವುದು ಕೂಡುವಿಕೆಯ ಪ್ರಚೋದನೆಯಿಂದ. ಇನ್ನೊಂದು ಹೆಣ್ಣು ಮೊಲ ಮೈಮೇಲೇರಿದರೂ ಸಾಕು. ಆಗ ಅಂಡಾಶಯದಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ಉತ್ಪತ್ತಿಯಾಗಿ, ದೇಹ ಗರ್ಭ ನಿಂತಂತೆಯೇ ವರ್ತಿಸುತ್ತದೆ. ನಿಜ ಗರ್ಭದ ಅವಧಿ ಸುಮಾರು 31 ದಿನ. ಹುಸಿ ಗರ್ಭ 16ರಿಂದ 18 ದಿನಗಳಲ್ಲಿ ಮುಗಿಯುತ್ತದೆ.

ಮಕ್ಕಳು ಆ ಗೂಡನ್ನು ಕೆದಕಬಾರದು; ಕಿತ್ತೆಸೆದರೆ ಮೊಲ ಮತ್ತೆ ತುಪ್ಪಳ ಕೀಳಬಹುದು. ಒಣಹುಲ್ಲು, ನೀರು ಧಾರಾಳವಾಗಿರಲಿ. ಅರ್ಧ ದಿನ ಮೇವು ಮುಟ್ಟದಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಪದೇ ಪದೇ ಹೀಗಾದರೆ ಅಂಡಾಶಯ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯುಂಟು. ವಯಸ್ಸಾದ ಹೆಣ್ಣು ಮೊಲಗಳನ್ನು ಹೆಚ್ಚಾಗಿ ಕಾಡುವ ಗರ್ಭಕೋಶದ ಕ್ಯಾನ್ಸರನ್ನೂ ಅದು ತಡೆಯುತ್ತದೆ.