ಆಚೆ ದಂಡೆಯ ಮನುಷ್ಯ

ರೇಡಿಯೋ ನಿಯಂತ್ರಣ ಬರುವ ಮೊದಲು ಮಾದರಿ ದೋಣಿ ಬಿಡಲು ಇಬ್ಬರು ಬೇಕಾಗುತ್ತಿತ್ತು. ಈಚೆ ದಂಡೆಯವನು ಪುಟ್ಟ ಉಗಿಯಂತ್ರ ಹೊತ್ತಿಸಿ, ಚುಕ್ಕಾಣಿಯನ್ನು ನೆಟ್ಟಗೆ ಬಿಗಿದು ನೀರಿಗೆ ಬಿಡುವನು. ದೋಣಿ ಕಲ್ಲುಕಟ್ಟೆಗೆ ಬಡಿದು ಮೂತಿ ಒಡೆದುಕೊಳ್ಳುವ ಮೊದಲೇ ಆಚೆ ದಂಡೆಯವನು ಹಿಡಿದು, ತಿರುಗಿಸಿ, ಮರಳಿ ಕಳಿಸುವನು. ಲಂಡನ್ನಿನ ವಿಕ್ಟೋರಿಯಾ ಪಾರ್ಕಿನ ಕೆರೆಯಲ್ಲಿ 1904ರಲ್ಲಿ ಶುರುವಾದ ಮಾಡೆಲ್ ಸ್ಟೀಮ್ ಬೋಟ್ ಕ್ಲಬ್ಬಿನಂಥ ಸಂಘಗಳು ಬೆಳೆದದ್ದು ಇಂಥ ಪರಸ್ಪರ ಅಗತ್ಯದ ಮೇಲೆ. ಆಚೆ ನಿಲ್ಲುವವನಿಗೆ ಸ್ವಂತ ದೋಣಿ ಇರಬೇಕೆಂದಿಲ್ಲ, ಯಂತ್ರ ಕಟ್ಟಲು ಬರಬೇಕೆಂದಿಲ್ಲ. ಬಿಡುವು ಮಾಡಿಕೊಂಡು ಬಂದು ನಿಂತರೆ ಸಾಕು, ಅವನೂ ಆಟದ ಒಳಗಿನವನೇ.

ರೇಡಿಯೋ ಈ ಆಚೆ ದಂಡೆಯವನ ಕೆಲಸ ಕಸಿದುಕೊಂಡಿತು. ನಿಸ್ತಂತು ಅಲೆಗಳಿಂದ ನಡೆಸಿದ ಜಗತ್ತಿನ ಮೊದಮೊದಲ ವಾಹನಗಳಲ್ಲಿ ಒಂದು ದೋಣಿಯೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿ ಇಟ್ಟು ಅದನ್ನು ಓಡಿಸಿ ತೋರಿಸಿದ. ಆ ತಂತ್ರ ಹವ್ಯಾಸಿಗಳ ಕೈಗೆ ಬರಲು ದಶಕಗಳೇ ಹಿಡಿದವು. ಬಂದಾಗ ಇನ್ನೊಂದು ಬಗೆಯ ಅವಲಂಬನೆಯನ್ನು ಜೊತೆಗೆ ತಂದಿತು. ಹಳೆಯ ಸೆಟ್ಟುಗಳಲ್ಲಿ ಉಗುರಿನಷ್ಟು ದೊಡ್ಡ ಕ್ರಿಸ್ಟಲ್ ಇರುತ್ತಿತ್ತು. ಸೆಟ್ಟಿನ ತರಂಗಾಂತರವನ್ನು ಅದೇ ನಿರ್ಧರಿಸುತ್ತಿತ್ತು. 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ರೂಢಿಯಲ್ಲಿದ್ದ ಮುಖ್ಯ ಚಾನೆಲ್‌ಗಳು ಆರು. ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಅವಕ್ಕೆ ಬಣ್ಣಗಳಿದ್ದವು, ಏರಿಯಲ್ ತುದಿಗೆ ಆಯಾ ಬಣ್ಣದ ಬಾವುಟ ಕಟ್ಟುತ್ತಿದ್ದರು. ಒಂದೇ ಬಣ್ಣದ ಇಬ್ಬರು ಒಟ್ಟಿಗೆ ಸ್ವಿಚ್ ಹಾಕಿದರೆ ಇವನ ದೋಣಿ ಅವನ ಮಾತು ಕೇಳುವುದು, ಅವನದು ಯಾರ ಮಾತೂ ಕೇಳದೆ ದಂಡೆಗೆ ಗುದ್ದುವುದು. ಅದಕ್ಕಾಗಿ ಕೆರೆಯ ಪಕ್ಕ ಒಂದು ಹಲಗೆ ನಿಲ್ಲಿಸಿ ಬಣ್ಣಕ್ಕೊಂದರಂತೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿಡುತ್ತಿದ್ದರು. ಕ್ಲಿಪ್ಪು ನಿನ್ನ ಕೈಯಲ್ಲಿದ್ದರೆ ನೀರು ನಿನ್ನದು. ಮತ್ತೊಬ್ಬನ ಕೈಯಲ್ಲಿದ್ದರೆ ನಿನ್ನ ಪಾಳಿ ಬರುವತನಕ ಕೂತು ಮಾತಾಡಬೇಕು. ಈ ಕಾಯುವಿಕೆಯಲ್ಲೇ ಅರ್ಧ ಹವ್ಯಾಸ ಕೈಯಿಂದ ಕೈಗೆ ದಾಟುತ್ತಿತ್ತು ಎಂಬುದು ನನ್ನ ನಂಬಿಕೆ. ಬಣ್ಣ ಯಾವುದು ಹಾಕಿದ್ದಿ, ನೀರು ಎಲ್ಲಿಂದ ಸೇರತೈತಿ, ಬ್ಯಾಟರಿ ಎಷ್ಟು ಹೊತ್ತು ಬರತೈತಿ ಎನ್ನುವುದೆಲ್ಲ ಪಾಳಿ ಕಾಯುವವರ ಮಾತು.

2005ರಲ್ಲಿ ಎರಡು ಸಂಗತಿ ಆದವು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣ ಬಳಸಲು ಲೈಸೆನ್ಸ್ ಬೇಡ ಎಂದು ಭಾರತ ಸರ್ಕಾರ ಅಧಿಸೂಚನೆ ಹೊರಡಿಸಿತು. ಅದೇ ವರ್ಷದ ಹೊತ್ತಿಗೆ ಅದೇ ಪಟ್ಟಿಯ ಹವ್ಯಾಸಿ ಸೆಟ್ಟುಗಳು ಪೇಟೆಗೆ ಬಂದವು. ಇವುಗಳಲ್ಲಿ ಕೈಯಲ್ಲಿನ ರಿಮೋಟಿಗೂ ದೋಣಿಯೊಳಗಿನ ರಿಸೀವರಿಗೂ ಮೊದಲೇ ಗಂಟು ಹಾಕಿರುತ್ತಾರೆ. ಪಕ್ಕದಲ್ಲಿ ಇಪ್ಪತ್ತು ಜನ ಸ್ವಿಚ್ ಒತ್ತಿದರೂ ಯಾರದೂ ಯಾರಿಗೂ ತಾಗುವುದಿಲ್ಲ. ಹಲಗೆ ಹೋಯಿತು, ಕ್ಲಿಪ್ಪು ಹೋಯಿತು. ಜಲಾಂತರ್ಗಾಮಿ ಮಾದರಿಯವರು ಮಾತ್ರ ಹಳೆಯ ಪಟ್ಟಿ ಬಿಡಲಿಲ್ಲ. 2.4ರ ಅಲೆಗೆ ನೀರು ಸೀಳುವ ಶಕ್ತಿ ಇಲ್ಲ, ಮುಳುಗಿದ ಕ್ಷಣ ಸಂಪರ್ಕ ಕಡಿಯುತ್ತದೆ. ಹೀಗಾಗಿ ಅವರು ಈಗಲೂ ಒಬ್ಬರನ್ನೊಬ್ಬರು ಕೇಳಿಯೇ ಸ್ವಿಚ್ ಹಾಕಬೇಕು.

ಇಲ್ಲಿಂದ ನನ್ನ ಪ್ರಶ್ನೆ ಹುಟ್ಟುತ್ತದೆ. ಯಂತ್ರವೇ ಸಂಘವನ್ನು ಬೇಡುತ್ತಿದ್ದ ಕಾಲ ಮುಗಿದ ಮೇಲೆ, ಒಬ್ಬನೇ ಕೊಂಡು ಒಬ್ಬನೇ ಆಡಬಹುದಾದ ಮೇಲೆ, ಹವ್ಯಾಸಕ್ಕೆ ಸಂಘ ಏಕೆ ಬೇಕು? ಸ್ಪರ್ಧೆಗೆ ಬೇಕು, ನಿಯಮ ಮಾಡಲು ಬೇಕು, ಚಾಂಪಿಯನ್ನರನ್ನು ತಯಾರಿಸಲು ಬೇಕು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಇದನ್ನು ನಾನು ಒಪ್ಪುವುದಿಲ್ಲ. ಗೆಲ್ಲುವ ಹಟ ಇರುವವನು ಸಂಘ ಇಲ್ಲದೆಯೂ ದಾರಿ ಹುಡುಕಿಕೊಳ್ಳುತ್ತಾನೆ. ಎರಡು ತಿಂಗಳಿಗೊಮ್ಮೆ ಬರುವವನಿಗೆ, ಅರ್ಧಂಬರ್ಧ ಗೊತ್ತಿರುವವನಿಗೆ, ಮಗನ ಕೈ ಹಿಡಿದು ನೋಡಲು ಬಂದವನಿಗೆ ಸಂಘ ಬೇಕು. ಅದು ಇರಬೇಕಾದದ್ದೇ ಅವನಿಗಾಗಿ.

ನಮ್ಮ ರಾಜ್ಯದಲ್ಲಿ ಮಾದರಿ ಕಟ್ಟುವ ಕಲೆಯನ್ನು ಕ್ರಮಬದ್ಧವಾಗಿ ಕಲಿಸುವವರು ಎನ್‌ಸಿಸಿ ನೌಕಾದಳದವರು. ಮಂಗಳೂರು, ಕಾರವಾರದಲ್ಲಷ್ಟೇ ಅಲ್ಲ, ಸಮುದ್ರ ಕಾಣದ ಮೈಸೂರಿನಲ್ಲೂ ನೌಕಾ ಘಟಕ ಇದೆ. ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ದೋಣಿಗೆ ಹುಟ್ಟು ಹಾಕುವುದು, ಬಾವುಟದ ಸಂಕೇತ, ಗುರಿ ಹೊಡೆಯುವುದು ಇವುಗಳ ಜೊತೆ ಹಡಗಿನ ಮಾದರಿ ಕಟ್ಟುವುದೂ ಒಂದು ಸ್ಪರ್ಧೆ. ನಿಲ್ಲಿಸಿಡುವ ಮಾದರಿ, ಹಾಯಿ ಮಾದರಿ, ಮೋಟಾರಿನಿಂದ ಓಡುವ ಮಾದರಿ ಎಂದು ಅದರಲ್ಲಿ ಬಗೆಗಳಿವೆ. ಕಾರವಾರದ ಕದಂಬ ನೌಕಾನೆಲೆಯಲ್ಲೂ ಈ ಶಿಬಿರ ನಡೆದದ್ದುಂಟು. ಹುಡುಗ ಹುಡುಗಿಯರು ಬಾಲ್ಸಾ ಕಟ್ಟಿಗೆ ಕೊರೆದು, ಉಜ್ಜಿ, ಬಣ್ಣ ಹೊಡೆದು ಕಟ್ಟುವ ಯುದ್ಧನೌಕೆಗಳ ಅಚ್ಚುಕಟ್ಟು ನೋಡಿದವರಿಗೇ ಗೊತ್ತು. ಆದರೆ ‘ಸಿ’ ಸರ್ಟಿಫಿಕೇಟ್ ಕೈಗೆ ಬಂದು ಡಿಗ್ರಿ ಮುಗಿದ ಮೇಲೆ ಆ ಕೈಗಳು ಎಲ್ಲಿ ಹೋಗುತ್ತವೆ? ಮಾದರಿ ಕಾಲೇಜಿನ ಗಾಜಿನ ಕಪಾಟಿನಲ್ಲಿ ಉಳಿಯುತ್ತದೆ. ಕಟ್ಟಿದವಳು ಊರಿಗೆ ಬಂದರೆ ಅಲ್ಲಿ ಅವಳ ವಿದ್ಯೆ ಕೇಳುವವರಿಲ್ಲ. ಸ್ಪರ್ಧೆಗೆಂದೇ ಕಲಿಸಿದ ವಿದ್ಯೆ ಸ್ಪರ್ಧೆಯ ಜೊತೆಗೇ ಮುಗಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಲಿಸಿದವರ ತಪ್ಪು ಇದರಲ್ಲಿಲ್ಲ. ಕಲಿತದ್ದನ್ನು ಹಗುರವಾಗಿ ಮುಂದುವರಿಸಲು ನಾವು ಊರುಗಳಲ್ಲಿ ಜಾಗ ಇಟ್ಟಿಲ್ಲ.

ನಮ್ಮ ಬನಹಟ್ಟಿಯಲ್ಲಿ ಅಂಥ ಜಾಗ ಆಗಬಹುದು ಎಂದು ನಾನು ಹೇಳಿದರೆ ನೇಕಾರರ ಊರಿಗೂ ಹಡಗಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಜಾತ್ರೆಯಿಂದಲೇ ಶುರುವಾಗುತ್ತದೆ. ನಮ್ಮ ಕಡೆಯ ಜಾತ್ರೆಗಳಲ್ಲಿ ತಗಡಿನ ಪಟಪಟ ಬೋಟು ಮಾರಾಟಕ್ಕೆ ಬರುತ್ತದೆ. ಹಿಂದೆ ಎರಡು ಸಣ್ಣ ಕೊಳವೆ, ಒಳಗೆ ತೆಳು ತಗಡಿನ ಪುಟ್ಟ ಡಬ್ಬಿ, ಅದರ ಕೆಳಗೆ ಎಣ್ಣೆಬತ್ತಿ. ಕೊಳವೆಗೆ ನೀರು ತುಂಬಿ ಬತ್ತಿ ಹಚ್ಚಿ ಪರಾತದಲ್ಲಿ ಬಿಟ್ಟರೆ ಪಟಪಟ ಎನ್ನುತ್ತ ಸುತ್ತು ಹೊಡೆಯುತ್ತದೆ. ಉಗಿ ನೀರನ್ನು ಹೊರಗೆ ತಳ್ಳುತ್ತದೆ, ಉಗಿ ತಣಿದಾಗ ಅದೇ ಕೊಳವೆಯಿಂದ ನೀರು ಒಳಗೆ ಬರುತ್ತದೆ. ಹೋದಷ್ಟೇ ಬಂದರೂ ದೋಣಿ ಮುಂದೆಯೇ ಏಕೆ ಸಾಗಬೇಕು? ಹೊರಬೀಳುವಾಗ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಬರುವಾಗ ಸುತ್ತಲಿಂದಲೂ ಸೇರುತ್ತದೆ. ಈ ವ್ಯತ್ಯಾಸವೇ ಅದನ್ನು ನೂಕುತ್ತದೆ. 1891ರಲ್ಲಿ ಥಾಮಸ್ ಪಿಯೋ ಎಂಬ ಫ್ರೆಂಚ್ ಮನುಷ್ಯ ಇಂಥದೊಂದು ದೋಣಿಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಕೇಳಿದ್ದ. ಜಾತ್ರೆಯಿಂದ ಮನೆಗೆ ಬಂದ ಈ ಆಟಿಕೆ ಸುತ್ತು ಹೊಡೆಯುವುದನ್ನು ಬಗ್ಗಿ ನೋಡುವ ಮಗು ಆಗಲೇ ಹವ್ಯಾಸದ ಹೊಸ್ತಿಲಲ್ಲಿ ಇದೆ.

ಅದೇ ಮಗುವಿಗೆ ಇವತ್ತು ಆನ್‌ಲೈನಿನಲ್ಲಿ ರಿಮೋಟ್ ಬೋಟು ಬರುತ್ತದೆ. ಡಬ್ಬಿ ಬಿಚ್ಚಿ ನೆಲದ ಮೇಲಿಟ್ಟು ಬಟನ್ ಒತ್ತಿದರೆ ಪಂಖ ತಿರುಗುವುದಿಲ್ಲ. ಕೆಟ್ಟದ್ದು ಬಂದಿದೆ ಎಂದು ಮನೆಯವರು ಮರಳಿ ಕಳಿಸಲು ಹೊರಡುತ್ತಾರೆ. ಇಂಥ ಬಹಳಷ್ಟು ಆಟಿಕೆಗಳ ತಳದಲ್ಲಿ ಲೋಹದ ಎರಡು ಮೊಳೆಗಳಿರುತ್ತವೆ, ಅವೆರಡನ್ನೂ ನೀರು ಕೂಡಿಸಿದಾಗ ಮಾತ್ರ ಮೋಟಾರಿಗೆ ವಿದ್ಯುತ್ ಹೋಗುತ್ತದೆ. ಮಗುವಿನ ಬೆರಳು ಪಂಖಕ್ಕೆ ಸಿಗಬಾರದು ಎಂಬ ಕಾಳಜಿ ಅದು. ಇಷ್ಟು ಹೇಳುವವರು ಒಬ್ಬರಿದ್ದರೆ ಸಾಕಿತ್ತು. ಮುಂದೆ ಕೆಲವು ವಾರಕ್ಕೆ ಪಂಖದ ಸಲಾಕೆಯ ಪಕ್ಕದಿಂದ ನೀರು ಒಳಗೆ ಜಿನುಗಿ ಮೋಟಾರು ತುಕ್ಕು ಹಿಡಿಯುತ್ತದೆ. ಸಲಾಕೆ ಹಾದುಹೋಗುವ ಕೊಳವೆಗೆ ಗ್ರೀಸು ತುಂಬಬೇಕು. ಸಲಾಕೆ ತಿರುಗಲೂ ಬೇಕು, ನೀರು ದಾಟಲೂ ಬಾರದು. ಬನಹಟ್ಟಿಯಲ್ಲಿ ಇದು ಯಾರಿಗೆ ಹೊಸದು? ಪಾವರಲೂಮಿನ ಮೋಟಾರು ಸುಟ್ಟರೆ ವೈಂಡಿಂಗ್ ಮಾಡುವವರು, ಶಾಫ್ಟು ಕಂಪಿಸಿದರೆ ಕಿವಿಯಿಂದಲೇ ಬೇರಿಂಗಿನ ದೋಷ ಹೇಳುವವರು, ಲಾಳಿಯ ಮೈ ನುಣುಪು ಮಾಡುವ ಬಡಿಗರು ಓಣಿ ಓಣಿಗೂ ಇದ್ದಾರೆ. “ಕಾಕಾ, ಇದ್ಯಾಕ ನಿಂತತಿ?” ಎಂದು ಆ ಮಗು ಕೇಳಬೇಕಾದವರು ಇವರೇ. ವಿದ್ಯೆ ಇಲ್ಲಿದೆ, ಕೇಳುವ ಮಗುವೂ ಇಲ್ಲಿದೆ. ಇಬ್ಬರೂ ಕೂಡುವ ಒಂದು ಕಟ್ಟೆ ಇಲ್ಲ, ಅಷ್ಟೇ.

ಹೊಟ್ಟೆಪಾಡಿನ ಊರಿನಲ್ಲಿ ಆಟಕ್ಕೆ ಹೊತ್ತೆಲ್ಲಿ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ನೇಯ್ದ ಸೀರೆಯ ಲೆಕ್ಕದಲ್ಲಿ ಕೂಲಿ ಸಿಗುವವನಿಗೆ ಮಗ್ಗ ನಿಂತ ಪ್ರತಿ ತಾಸೂ ನಷ್ಟ. ಅವನ ಬಿಡುವು ಕ್ಯಾಲೆಂಡರಿನ ರವಿವಾರ ನೋಡಿ ಬರುವುದಿಲ್ಲ; ಕರೆಂಟು ಹೋದಾಗ, ನೂಲು ಬರುವುದು ತಡವಾದಾಗ, ಅಮವಾಸ್ಯೆಗೆ ಮಗ್ಗ ಬಿಡುವ ರೂಢಿ ಇರುವ ಮನೆಗಳಲ್ಲಿ ಆ ದಿನ ಬರುತ್ತದೆ. ಪ್ರತಿ ವಾರ ಹಾಜರಿ, ತಿಂಗಳ ವರ್ಗಣಿ, ವರ್ಷಕ್ಕಿಷ್ಟು ಸ್ಪರ್ಧೆ ಎಂದು ಬೈಲಾ ಬರೆದರೆ ಈ ಮನುಷ್ಯ ಮೊದಲ ದಿನವೇ ಹೊರಗೆ. ಇಂಥ ಊರಲ್ಲಿ ಹವ್ಯಾಸಿ ಎಂಬವನು ಇದ್ದರೆ ಆಗೊಮ್ಮೆ ಈಗೊಮ್ಮೆ ಬರುವವನಾಗಿಯೇ ಇರಲು ಸಾಧ್ಯ. ನಮ್ಮ ಭಜನಾ ಮೇಳಗಳಿಗೆ ಈ ಮರ್ಮ ಗೊತ್ತಿದೆ. ಹಾಡಲು ಬಾರದವನ ಕೈಗೆ ತಾಳ ಕೊಡುತ್ತಾರೆ, ತಡವಾಗಿ ಬಂದವನಿಗೆ ಸರಿದು ಜಾಗ ಮಾಡುತ್ತಾರೆ, ನಾಲ್ಕು ತಿಂಗಳು ಬಾರದವನನ್ನು ಯಾಕೆ ಬರಲಿಲ್ಲ ಎಂದು ಕೇಳುತ್ತಾರೆಯೇ ಹೊರತು ಹೆಸರು ಹೊಡೆದು ಹಾಕುವುದಿಲ್ಲ.

ಇನ್ನು ಗಂಭೀರ ಹವ್ಯಾಸಿಗಳಲ್ಲಿ ಸುಮ್ಮನೆ ಬರುವವನ ಬಗ್ಗೆ ಒಂದು ತಾತ್ಸಾರ ಇರುತ್ತದೆ, ಅದು ಎಲ್ಲ ಕಡೆಯೂ ಇದೆ. ಬ್ರಶ್‌ಲೆಸ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕಿ ತಾಸಿಗೆ ನೂರು ಕಿಲೋಮೀಟರಿನ ಆಚೆ ಓಡಿಸುವವರಿಗೆ ನಿಧಾನದ ದೋಣಿ ಎಂದರೆ ಬೇಸರ. ಆದರೆ ನಿಧಾನಕ್ಕೂ ಒಂದು ಗಣಿತವಿದೆ. ನೂರು ಮೀಟರ್ ಉದ್ದದ, ಸಾವಿರ ಟನ್ ತೂಕದ ಹಡಗನ್ನು ನೂರನೇ ಒಂದು ಅಳತೆಗೆ ಇಳಿಸಿದರೆ ಉದ್ದ ಒಂದು ಮೀಟರ್ ಆಗುತ್ತದೆ, ತೂಕ ಮಾತ್ರ ಘನದ ಲೆಕ್ಕದಲ್ಲಿ ಇಳಿದು ಒಂದೇ ಕಿಲೋಗೆ ಬರುತ್ತದೆ. ವೇಗ ವರ್ಗಮೂಲದ ಲೆಕ್ಕದಲ್ಲಿ ಇಳಿದು ಹತ್ತನೇ ಒಂದು ಪಾಲಾಗುತ್ತದೆ. ವಿಲಿಯಂ ಫ್ರೌಡ್ 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ತೊಟ್ಟಿ ಕಟ್ಟಿಸಿ, ಮೇಣದ ಮಾದರಿಗಳನ್ನು ಎಳೆಸಿ ಈ ನಿಯಮವನ್ನು ಗಟ್ಟಿ ಮಾಡಿದ. ಅಂದರೆ ನಿಜವಾದ ಹಡಗು ಇಪ್ಪತ್ತು ನಾಟ್‌ನಲ್ಲಿ, ತಾಸಿಗೆ ಸುಮಾರು 37 ಕಿಲೋಮೀಟರ್ ಓಡುವುದಾದರೆ ಮಾದರಿ ತಾಸಿಗೆ 3.7 ಕಿಲೋಮೀಟರ್ ಸಾಗಬೇಕು. ಮುದುಕರೊಬ್ಬರು ದಂಡೆಗುಂಟ ಅಡ್ಡಾಡುವ ವೇಗ ಅದು. ಆ ವೇಗದಲ್ಲಿ ಮಾತ್ರ ಮೂತಿಯಿಂದ ಏಳುವ ಅಲೆ ದೊಡ್ಡ ಹಡಗಿನ ಅಲೆಯ ಹಾಗೆ ಹರಡುತ್ತದೆ. ಅವಸರವಿಲ್ಲದೆ ಬಿಡುವವನು ಈ ವಿಜ್ಞಾನಕ್ಕೆ ಹೆಚ್ಚು ಹತ್ತಿರ ಇದ್ದಾನೆ. ಅವನನ್ನು ಎರಡನೇ ದರ್ಜೆಯವನೆಂದು ಕಾಣುವ ಸಂಘ ತನ್ನ ಕಲೆಯನ್ನೇ ಅರ್ಧ ತಿಳಿದಿದೆ.

ಸಂಘಗಳಿಗೆ ಬರುವ ರೋಗಗಳೂ ಗೊತ್ತಿರುವವೇ. ಹಿರಿಯರು ಕುರ್ಚಿ ಬಿಡುವುದಿಲ್ಲ, ದುಬಾರಿ ಸಾಮಾನು ಇದ್ದವನ ಮಾತೇ ನಡೆಯುತ್ತದೆ, ಹೆಣ್ಣುಮಕ್ಕಳು ಬಂದರೆ ಗಂಡನ ಜೊತೆ ಬಂದವರೆಂದೇ ತಿಳಿಯುತ್ತಾರೆ. ಆದರೂ ಒಂಟಿ ಆಟಕ್ಕಿಂತ ಸಂಘವೇ ಮೇಲು ಎನ್ನಲು ನನಗೆ ಅತಿ ಗಟ್ಟಿಯಾದ ಕಾರಣ ನೀರು. ನಡು ನೀರಿನಲ್ಲಿ ಬ್ಯಾಟರಿ ಮುಗಿದು ದೋಣಿ ನಿಂತರೆ, ಪಂಖಕ್ಕೆ ಅಂತರಗಂಗೆ ಸುತ್ತಿಕೊಂಡರೆ, ಒಂಟಿ ಹುಡುಗ ಅಂಗಿ ಕಳಚಿ ಇಳಿಯುತ್ತಾನೆ. ನಮ್ಮ ಕೃಷ್ಣೆಯಲ್ಲಿ ಮೊಸಳೆಗಳಿವೆ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸು ಎಷ್ಟು ಜಾರುತ್ತದೆಂದರೆ ಈಜು ಬರುವವನೂ ಮೇಲೆ ಹತ್ತಲಾರ. ಸಂಘದವರು ಗಾಳದ ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿ ಇಟ್ಟುಕೊಂಡಿರುತ್ತಾರೆ. ಚೆಂಡನ್ನು ನಿಂತ ದೋಣಿಯ ಆಚೆಗೆ ಎಸೆದು ಮೆಲ್ಲಗೆ ಎಳೆದರೆ ದಾರ ದೋಣಿಯನ್ನು ತಬ್ಬಿಕೊಂಡು ದಂಡೆಗೆ ತರುತ್ತದೆ. ದೋಣಿ ಹೋದರೆ ಹೋಗಲಿ, ಯಾರೂ ನೀರಿಗಿಳಿಯಬಾರದು ಎಂಬ ಒಂದು ನಿಯಮವನ್ನು ಪಾಲಿಸಲಿಕ್ಕಾದರೂ ದಂಡೆಯಲ್ಲಿ ಎರಡನೆಯ ಮನುಷ್ಯ ಇರಲೇಬೇಕು.

ಕೂಡಿ ಕೆಲಸ ಮಾಡುವುದು ಈ ಸೀಮೆಗೆ ಹೊಸದಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಾಯಿತು. ಹೊಲಕ್ಕಾಗಿ ಹೊಳೆಯನ್ನೇ ನಿಲ್ಲಿಸಿದ ಜನರಿಗೆ ಮಕ್ಕಳ ಆಟಕ್ಕಾಗಿ ಒಂದು ಸಣ್ಣ ನೀರು ಕಾಯ್ದುಕೊಳ್ಳುವುದು ದೊಡ್ಡ ಮಾತಲ್ಲ. ನದಿಯೂ ಬೇಡ, ಹಿಪ್ಪರಗಿ ಬ್ಯಾರೇಜಿನ ಹಿನ್ನೀರೂ ಬೇಡ. ಮೊಣಕಾಲುದ್ದ ನೀರು ನಿಲ್ಲುವ ಸಿಮೆಂಟಿನ ತೊಟ್ಟಿ ಒಂದು ಶಾಲೆಯ ಅಂಗಳದಲ್ಲಿದ್ದರೆ ನೂರನೇ ಒಂದು ಅಳತೆಯ ಹಡಗಿಗೆ ಅದೇ ಕಡಲು. ಊರಲ್ಲಿ ವಂತಿಗೆ ಪಟ್ಟಿ ಎತ್ತಿದರೆ ತೊಟ್ಟಿ ಆಗುತ್ತದೆ. ಅದರ ಪಕ್ಕ ಬೆಸುಗೆ ಕಡ್ಡಿ, ಗ್ರೀಸಿನ ಡಬ್ಬಿ, ಉಳಿದ ಪಂಖ, ಹಳೆಯ ಮೋಟಾರುಗಳ ಒಂದು ಪೆಟ್ಟಿಗೆ ಇರಲಿ, ಬೀಗ ಬೇಡ. ಎನ್‌ಸಿಸಿ ನೌಕಾದಳದಲ್ಲಿ ಕಲಿತು ಬಂದವರು ಯಾರಾದರೂ ಈ ಭಾಗದಲ್ಲಿದ್ದರೆ ಮೊದಲ ಮಾದರಿಯನ್ನು ಅವರೇ ಕೊರೆಯಲಿ, ಮೋಟಾರು ವೈಂಡಿಂಗ್ ಅಂಗಡಿಯವರೊಬ್ಬರು ಜೊತೆಗೆ ಕೂರಲಿ. ಅಧ್ಯಕ್ಷರು ಯಾರು, ವರ್ಗಣಿ ಎಷ್ಟು ಎಂಬುದನ್ನು ಆಮೇಲೆ, ಅಗತ್ಯ ಬಿದ್ದರೆ ಮಾತ್ರ ಕೂತು ತೀರ್ಮಾನಿಸಬಹುದು.